ಮೂರು ಡಬ್ಬಿ

ಮೂರನೇ ತರಗತಿ, ಹದಿಮೂರು ಮಕ್ಕಳು.
ನಾಳೆ ಬರುವಾಗ ಒಂದೊಂದು ಕಲ್ಲು ತನ್ನಿ ಎಂದಿದ್ದೆ,
ಕಿಸೆಗೆ ಹಿಡಿಸುವಷ್ಟು,
ದಾರಿಯಲ್ಲಿ ಯಾರ ಮಾವಿನಮರಕ್ಕೂ ಎಸೆಯದೆ.

ತಂದರು.
ಧನ್ವಿತ್ ತಂದದ್ದು ಕುಂಬಳೆಯ ಹಳಿ ಬದಿಯ ಕರಿ ಜಲ್ಲಿ.
ಅಪ್ಪ ಗ್ಯಾಂಗ್‌ಮ್ಯಾನ್; ರತ್ನಾಗಿರಿ ಕಡೆಯದಂತೆ,
ಗ್ರೀಸಿನ ವಾಸನೆ ಇನ್ನೂ ಬಿಟ್ಟಿಲ್ಲ.
ಮಿಸ್ರಿಯಾ ತಂದದ್ದು ದುಬಾಯಿ ಮಾವನ ಹೊಸ ಮನೆಯ
ಮಾರ್ಬಲ್ ತುಂಡು, ಕರ್ಚೀಫಿನಲ್ಲಿ ಸುತ್ತಿ,
ಕೋಳಿಮೊಟ್ಟೆ ತರುವ ಹಾಗೆ.
ರೊವಿನಾ ಕ್ರಾಸ್ತಳದು ಅಡಿಗೆಕಟ್ಟೆಯ ಕಡಪದ ಚೂರು,
ಅಂಚಿನಲ್ಲಿ ಪದರ ಪದರ,
ನೀರುದೋಸೆ ಪೇರಿಸಿಟ್ಟಂತೆ.

ಮೇಜಿನ ಮೇಲೆ ಹಾಲುಪುಡಿಯ ಮೂರು ಖಾಲಿ ಡಬ್ಬಿ.
ಅಗ್ನಿಶಿಲೆ, ಜಲಜಶಿಲೆ, ರೂಪಾಂತರಶಿಲೆ
ಎಂದು ಪುಸ್ತಕ ಹೇಳುತ್ತದೆ;
ಮೂರನೆಯದರಲ್ಲಿ ನನ್ನ ನಾಲಿಗೆಯೇ ಎಡವುತ್ತದೆ.
ಹಾಗಾಗಿ ಚೀಟಿ ಅಂಟಿಸಿದೆ:
ಬೆಂಕಿಯದು, ಪದರದ್ದು, ಬದಲಾದದ್ದು.

ಬೆಂಕಿಯದು ಹೇಗೆಂದರೆ, ಬೆಲ್ಲದ ಪಾಕ
ತಟ್ಟೆಗೆ ಹೊಯ್ದು ಮರೆತರೆ ಆಗುತ್ತದಲ್ಲ, ಹಾಗೆ.
ಪದರದ್ದು, ಹೊಳೆ ವರ್ಷವರ್ಷ ತಂದಿಟ್ಟ ಕೆಸರು.
ಬದಲಾದದ್ದು, ಅಕ್ಕಿಹಿಟ್ಟು ಹಬೆಯಲ್ಲಿ ಬೆಂದು ಪುಂಡಿಯಾದಂತೆ:
ಹಿಟ್ಟು ಅದೇ, ಆದರೆ ಇನ್ನು ಹಿಟ್ಟಲ್ಲ.
ಟಣ್, ಟಣ್. ಡಬ್ಬಿ ತುಂಬುತ್ತ ಬಂತು.
ನಾನೂ ಸ್ವಲ್ಪ ಉಬ್ಬಿದೆ.

ಕೋರೆಯಲ್ಲಿ ಕಲ್ಲು ಕೊಯ್ಯುವ ಮಾಂಕುವಿನ ಮಗಳು ತನ್ಮಯಿ
ಬರಿಗೈಯಲ್ಲಿ ನಿಂತಿದ್ದಳು.
"ಎಂತ ತರ್ಲಿಲ್ವಾ?"
"ಇಲ್ಲೇ ಉಂಟಲ್ಲ ಟೀಚರ್."
ಗೋಡೆ ತೋರಿಸಿದಳು.

ಗಾರೆ ಕಾಣದ ಮುರಕಲ್ಲ ಗೋಡೆ.
ಅದರ ತೂತುಗಳಲ್ಲಿ ಮೋಟು ಪೆನ್ಸಿಲು, ಎರಡು ಗೋಲಿ,
ಯಾರೋ ಜಗಿದಿಟ್ಟ ಚೂಯಿಂಗ್ ಗಮ್ಮು,
ಕಳೆದ ವರ್ಷದವರ ಮಡಚಿದ ಗುಟ್ಟು.
"ಇದು ಯಾವ ಡಬ್ಬಿಗೆ?"

ಪುಸ್ತಕ ಮಗುಚಿದೆ. ಹಿಂದೆ, ಮುಂದೆ.
ರತ್ನಾಗಿರಿಗೆ ಜಾಗ ಉಂಟು, ಕಡಪಕ್ಕೆ ಉಂಟು,
ಯಾವುದೋ ಮರುಭೂಮಿಯಿಂದ ಬಂದ ಮಾರ್ಬಲಿಗೂ ಉಂಟು.
ಲಾರಿ ಹತ್ತಿ ಬಂದವರೆಲ್ಲ ಒಳಗೆ ಕೂತಿದ್ದಾರೆ.
ಇಡೀ ಪದವು ಹೊರಗೆ ನಿಂತಿದೆ.

"ಗೊತ್ತಿಲ್ಲ, ನೋಡುವ" ಎಂದೆ.
ಶೌಚಾಲಯ ಕಟ್ಟಿ ಉಳಿದ ಒಂದು ಕಲ್ಲು ಜಗಲಿಯಲ್ಲಿತ್ತು.
ಮೇಲಿಂದ ಒಂದು ಲೋಟ ನೀರು ಹೊಯ್ದೆವು.
ಕುಡಿಯಿತು. ಎಣಿಸಿದೆವು.
ಇಪ್ಪತ್ತಾರಕ್ಕೆ ಅಡಿಯಲ್ಲಿ ಮೊದಲ ಹನಿ.
ಹಾಳಾದ ಸ್ಪೀಕರಿನ ಅಯಸ್ಕಾಂತ ತಂದ ಧನ್ವಿತ್
ಪುಡಿಯಲ್ಲಿ ಎಳೆದ; ಅದಕ್ಕೆ ಕರಿ ಮೀಸೆ ಬಂತು.
ಆಮೇಲೆ ಅರ್ಧ ಗಂಟೆ ಪಾಠವಿಲ್ಲ,
ಎಲ್ಲರಿಗೂ ಮೀಸೆ ಬೇಕು.

ಗದ್ದಲ ಇಳಿದ ಮೇಲೆ ನನಗೆ ತಿಳಿದಷ್ಟು ಹೇಳಿದೆ:
ಇಲ್ಲಿ ಮೊದಲು ಬೇರೆ ಬಂಡೆ ಇತ್ತು.
ಮಳೆ ಬಂತು, ಬಿಸಿಲು ಬಂತು, ಮತ್ತೆ ಮಳೆ.
ಕರಗುವುದನ್ನೆಲ್ಲ ನೀರು ಸಮುದ್ರಕ್ಕೆ ಹೊತ್ತಿತು.
ಹೊರಲಾಗದ್ದು ಉಳಿಯಿತು. ಕಬ್ಬಿಣ ಉಳಿಯಿತು,
ನಿಮ್ಮ ಸೈಕಲಿನ ಹಾಗೆ ತುಕ್ಕು ಹಿಡಿಯಿತು.

"ಹಾಗಾದ್ರೆ ಮಣ್ಣಾ, ಕಲ್ಲಾ?"
ನನಗಿಂತ ಮೊದಲು ತನ್ಮಯಿ:
"ಕೊಯ್ಯುವಾಗ ಹಸಿ. ಬಿಸಿಲು ಕಂಡ್ರೆ ಗಟ್ಟಿ.
ಅಪ್ಪ ಹೇಳಿದ್ದು, ಅದಕ್ಕೆ ಅವಸರ ಮಾಡ್ಬಾರ್ದು."

ಗಂಜಿಯ ಗಂಟೆ ಹೊಡೆಯಿತು.
ಮೇಜು ಖಾಲಿ ಮಾಡಬೇಕಿತ್ತು, ತಟ್ಟೆ ಇಡಲು.
ಅವಳು ಮೂರು ಡಬ್ಬಿಗಳನ್ನೂ ತಂದು
ಜಗಲಿಯ ಮುರಕಲ್ಲ ಮೇಲೆ ಸಾಲಾಗಿಟ್ಟಳು,
ಅದು ಅಲ್ಲಿದ್ದದ್ದೇ ಅದಕ್ಕೆ ಎಂಬಂತೆ,
ಕೈ ತೊಳೆಯಲು ಓಡಿದಳು.

ಸಂಜೆ ಕೊಡಪಾನ ತಗ್ಗಿಸಿ ಸೀರೆಯ ಅಂಚು ಉಜ್ಜುತ್ತಿದ್ದೇನೆ.
ಎಷ್ಟೋ ಲಕ್ಷ ವರ್ಷದ ಮಳೆ
ತೊಳೆದೂ ತೊಳೆದೂ ಬಿಟ್ಟುಹೋದ ಕೆಂಪು ಇದು.
ನನ್ನ ಕೈಯಲ್ಲಿ ಹತ್ತು ರೂಪಾಯಿಯ ಬಾರ್ ಸೋಪು,
ಅದರಲ್ಲೂ ಅರ್ಧ.